ಡಾಲರ್ ಏರಿತೋ, ರೂಪಾಯಿ ಇಳಿಯಿತೋ: ತೊಗರಿ ಆಮದಿನಲ್ಲಿ ನನ್ನ ಅನುಭವ

ಕಲಬುರಗಿಯಲ್ಲಿ ದಾಲ್ ಮಿಲ್ ನಡೆಸುವ ನಾನು, ನಮ್ಮ ಭಾಗದ ತೊಗರಿ ಸಾಲದೆ ಬಂದಾಗ ಮ್ಯಾನ್ಮಾರ್ ಮತ್ತು ಪೂರ್ವ ಆಫ್ರಿಕಾದ ಕಾಳು ತರಿಸುತ್ತೇನೆ. 2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ತೊಗರಿ ಆಮದನ್ನು ಮುಕ್ತಗೊಳಿಸಿದ ಮೇಲೆ ಈ ವ್ಯವಹಾರ ಸುಲಭವಾಯಿತು. ಆದರೆ ದರ ಕುದುರುವುದು ಡಾಲರಿನಲ್ಲಿ, ಹಣ ಕಟ್ಟುವುದು ವಾರಗಳ ನಂತರ. ಟನ್ನಿಗೆ 1,000 ಡಾಲರಿನ ಮಾಲಾದರೆ, ಅಷ್ಟರಲ್ಲಿ ಡಾಲರ್ ಒಂದು ರೂಪಾಯಿ ಏರಿದರೂ ಕ್ವಿಂಟಲಿಗೆ 100 ರೂಪಾಯಿ ಹೋಯಿತು. ಗಂಜಿನಲ್ಲಿ, ಅಂದರೆ ನಮ್ಮ ಧಾನ್ಯ ಮಾರುಕಟ್ಟೆಯಲ್ಲಿ, ಅದರ ಅರ್ಧಕ್ಕೂ ನಾವು ಗಂಟೆಗಟ್ಟಲೆ ಚೌಕಾಸಿ ಮಾಡುತ್ತೇವೆ.

ಆದ್ದರಿಂದ ರೂಪಾಯಿ ಕುಸಿದ ಸುದ್ದಿ ಬಂದಾಗಲೆಲ್ಲ ನಾನು ಮೊದಲು ನೋಡುವುದು ಯೂರೋ, ಪೌಂಡ್ ಮತ್ತು ಯೆನ್‌ಗಳ ದರವನ್ನು. ಅವೂ ಡಾಲರಿನ ಎದುರು ಇಳಿದಿದ್ದರೆ ಏರಿದ್ದು ಡಾಲರ್, ರೂಪಾಯಿಯೊಂದೇ ಇಳಿದಿದ್ದರೆ ತೊಂದರೆ ನಮ್ಮದು. 2022ರ ಮಾರ್ಚ್‌ನಿಂದ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ (ಫೆಡ್) ಬಡ್ಡಿ ಏರಿಸತೊಡಗಿದಾಗ, ಹೆಚ್ಚು ಬಡ್ಡಿ ಅರಸುವ ಬಂಡವಾಳವೆಲ್ಲ ಡಾಲರಿನತ್ತ ಹರಿದು, ಅಕ್ಟೋಬರಿನಲ್ಲಿ ನಮ್ಮಲ್ಲಿ ಡಾಲರಿಗೆ 83 ರೂಪಾಯಿ ದಾಟಿತು. ಆದರೆ ಅದೇ ವರ್ಷ ಯೂರೋ ಒಂದು ಡಾಲರಿಗಿಂತ ಕೆಳಗಿಳಿದಿತ್ತು, ಬಡ್ಡಿಯನ್ನು ಸೊನ್ನೆಗಿಂತ ಕೆಳಗೇ ಇಟ್ಟುಕೊಂಡಿದ್ದ ಜಪಾನಿನ ಯೆನ್ ಡಾಲರಿಗೆ 150ನ್ನು ಮುಟ್ಟಿತ್ತು. ಇವೆರಡರ ಎದುರು ನಮ್ಮ ರೂಪಾಯಿ ಬಲಗೊಂಡೇ ಇತ್ತು. ಏರಿದ್ದು ಡಾಲರ್ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. 2013ರ ಬೇಸಿಗೆಯಿಂದ ಆಗಸ್ಟ್‌ವರೆಗಿನ ಕಥೆ ಬೇರೆ. ಅಮೆರಿಕ ಹಣ ಹರಿಸುವುದನ್ನು ತಗ್ಗಿಸಬಹುದೆಂಬ ಸೂಚನೆಯೊಂದಕ್ಕೇ ರೂಪಾಯಿ 68ರವರೆಗೆ ಜಾರಿತು, ಆದರೆ ಯೂರೋ ಅಷ್ಟೇನೂ ಕದಲಲಿಲ್ಲ. ಏಕೆಂದರೆ 2012–13ರಲ್ಲಿ ನಮ್ಮ ಚಾಲ್ತಿ ಖಾತೆ ಕೊರತೆ (ಸರಕು, ಸೇವೆ ಮುಂತಾದ ವ್ಯವಹಾರಗಳಲ್ಲಿ ಹೊರದೇಶಗಳಿಂದ ಬಂದದ್ದಕ್ಕಿಂತ ಹೆಚ್ಚಾಗಿ ಹೊರಹೋದ ಹಣ) ಜಿಡಿಪಿಯ ಶೇ. 4.8ರಷ್ಟಿತ್ತು, ಅದನ್ನು ತುಂಬುತ್ತಿದ್ದ ವಿದೇಶಿ ಹಣ ಹಿಂದಿರುಗತೊಡಗಿತ್ತು.

ಈ ಎರಡನ್ನು ಬೇರ್ಪಡಿಸಿಕೊಂಡರೆ ಮುಂದೆ ಯಾವುದಕ್ಕೆ ಕಾಯಬೇಕೆಂಬುದು ತಿಳಿಯುತ್ತದೆ. ಡಾಲರೇ ಏರುತ್ತಿದ್ದರೆ ಅಮೆರಿಕದ ಹಣದುಬ್ಬರ ಮತ್ತು ಉದ್ಯೋಗದ ಅಂಕಿಅಂಶ ಬರುವ ದಿನಗಳನ್ನು ಗುರುತು ಹಾಕಿಕೊಳ್ಳುತ್ತೇನೆ. ಬಡ್ಡಿ ಏರಿಕೆ ಘೋಷಣೆಯಾದ ದಿನ ಡಾಲರ್ ಇಳಿಯುವುದೂ ಉಂಟು, ಏಕೆಂದರೆ ಮಾರುಕಟ್ಟೆ ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತದೆ. ರೂಪಾಯಿಯದ್ದೇ ತೊಂದರೆಯಾದರೆ ಕಚ್ಚಾ ತೈಲದ ದರ, ವ್ಯಾಪಾರ ಕೊರತೆ, ವಿದೇಶಿ ಹೂಡಿಕೆದಾರರ ಮಾರಾಟ ಮತ್ತು ರಿಸರ್ವ್ ಬ್ಯಾಂಕಿನ ಮೀಸಲು ಇವನ್ನು ನೋಡುತ್ತೇನೆ. ರಿಸರ್ವ್ ಬ್ಯಾಂಕ್ ಡಾಲರ್ ಮಾರಿ ಏರಿಳಿತವನ್ನು ಹದಗೊಳಿಸುತ್ತದೆ, ದಿಕ್ಕನ್ನು ಬಹುಕಾಲ ತಡೆಹಿಡಿಯುವುದು ಅಪರೂಪ.

ಮಾಲಿನ ಅರ್ಧದಷ್ಟಕ್ಕೆ ಬ್ಯಾಂಕಿನಲ್ಲಿ ಫಾರ್ವರ್ಡ್ ಬುಕ್ ಮಾಡುವುದು, ಅಂದರೆ ಮುಂದೆ ಕೊಳ್ಳುವ ಡಾಲರಿನ ದರವನ್ನು ಇಂದೇ ನಿಗದಿ ಮಾಡಿಕೊಳ್ಳುವುದು, ನನ್ನ ರೂಢಿ. ಉಳಿದರ್ಧವನ್ನು ಮೇಲಿನ ಓದಿಗೆ ತಕ್ಕಂತೆ ನಿರ್ಧರಿಸುತ್ತೇನೆ. ಫಾರ್ವರ್ಡ್ ದರ ಇಂದಿನ ದರಕ್ಕಿಂತ ಹೆಚ್ಚಿರುವುದನ್ನು ಕಂಡು, ಬ್ಯಾಂಕ್ ರೂಪಾಯಿ ಕುಸಿಯುತ್ತದೆಂದು ಹೇಳುತ್ತಿದೆ ಎಂದು ಭಾವಿಸುವವರಿದ್ದಾರೆ. ಪ್ರೀಮಿಯಂ ಎನ್ನುವ ಆ ಹೆಚ್ಚುವರಿ ದರ ಭವಿಷ್ಯವಾಣಿಯಲ್ಲ, ಬಹುಪಾಲು ಎರಡು ದೇಶಗಳ ಬಡ್ಡಿಯ ಅಂತರವಷ್ಟೇ. 2023ರ ಜುಲೈನಲ್ಲಿ ಫೆಡ್ ದರ ಶೇ. 5.25–5.50ಕ್ಕೇರಿ, ನಮ್ಮ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರ ಶೇ. 6.50ರಲ್ಲೇ ನಿಂತಿದ್ದಾಗ ಆ ಅಂತರ ತೀರ ಕಿರಿದಾಗಿ, ಆಮದುದಾರರಿಗೆ ರಕ್ಷಣೆ ಅಗ್ಗವಾಗಿ ಸಿಕ್ಕಿತು. ಅಂಥ ದಿನಗಳಲ್ಲಿ ನಾನು ಪೂರ್ತಿ ಮಾಲಿಗೇ ಬುಕ್ ಮಾಡುತ್ತೇನೆ.