ಇದ್ದಿಲು ತುಂಬಿಡೋ ಕಾಲ ಬೇಸಿಗೆ, ಪಾರ್ಟಿ ದಿನ ಅಲ್ಲ

ಹಿತ್ತಲಲ್ಲಿ ಬಾರ್ಬೆಕ್ಯೂ ಮಾಡುವ ಹುಚ್ಚು ಈಗ ನಮ್ಮ ಧಾರವಾಡಕ್ಕೂ ಬಂದಿದೆ. ಮಾಡಲಿ, ಬೇಡ ಅನ್ನುವವಳು ನಾನಲ್ಲ. ಆದರೆ ಸಂಜೆ ಜನ ಬರುತ್ತಾರೆ ಅಂದರೆ ಮಧ್ಯಾಹ್ನ ಗಾಡಿ ಹತ್ತಿ ಇದ್ದಿಲು ಹುಡುಕಲು ಹೊರಡುತ್ತಾರಲ್ಲ, ಅದನ್ನು ನೋಡಿದರೆ ಸಿಟ್ಟು ನೆತ್ತಿಗೇರುತ್ತದೆ. ಅದೂ ಜುಲೈ ತಿಂಗಳಲ್ಲಿ! ಹೊರಗೆ ಜಿಟಿಜಿಟಿ ಮಳೆ. ಅಂಗಡಿಯ ಚೀಲ ತಂಡಿ ಹಿಡಿದು ಕೂತಿರುತ್ತದೆ. ತೂಕಕ್ಕೆ ಕೊಂಡರೆ ನೀರಿಗೂ ದುಡ್ಡು ಕೊಟ್ಟ ಹಾಗೆ. ಮನೆಗೆ ತಂದು, ಊದಿ ಊದಿ ಕಣ್ಣು ಕೆಂಪಗೆ ಮಾಡಿಕೊಂಡು, ಕೊನೆಗೆ "ಅಜ್ಜಿ, ಇದು ಹತ್ತವಲ್ದು" ಅಂತ ನನ್ನ ಹತ್ತಿರ ಬರುವುದು. ಹೆಂಗ ಹತ್ತಬೇಕೋ ತಮ್ಮಾ ಅದು?

ಇದ್ದಿಲು ತರುವ ಕಾಲ ಏಪ್ರಿಲ್, ಮೇ. ಕಾಳುಕಡಿ, ಮೆಣಸಿನಕಾಯಿ ವರ್ಷಕ್ಕೆ ತುಂಬಿಡುವ ಬಿಸಿಲಲ್ಲೇ ಇದೂ ಮುಗಿಯಬೇಕು. ಎಷ್ಟು ತರಬೇಕು ಅಂತ ನನ್ನನ್ನು ಕೇಳಬೇಡಿ, ನಿಮ್ಮ ಮನೆಗೆ ಎಷ್ಟು ಜನ ಬರುತ್ತಾರೆ ಅನ್ನುವುದು ನಿಮಗೇ ಗೊತ್ತು. ಒಂದು ಚೀಲ ಸಾಕು ಅನ್ನಿಸಿದರೆ ಎರಡು ತನ್ನಿ. ಒಣಗಿಸಿಟ್ಟ ಇದ್ದಿಲು ಕೆಡುವ ಪದಾರ್ಥ ಅಲ್ಲ. ಚಳಿಗಾಲದ ಸೀತನಿಯನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ. ಎಳೆ ಜೋಳದ ತೆನೆಗೆ ಕುಳ್ಳಿನ ಕೆಂಡವೇ ಆಗಬೇಕು, ಅದರಲ್ಲಿ ನನ್ನ ಜೊತೆ ವಾದ ಬೇಡ.

ಎಲ್ಲಿ ಒಳ್ಳೆಯದು ಸಿಗುತ್ತದೆ? ನಿಮ್ಮ ಓಣಿಯಲ್ಲಿ ಇದ್ದಿಲ ಇಸ್ತ್ರಿ ಪೆಟ್ಟಿಗೆ ಇಟ್ಟುಕೊಂಡವರು ಇದ್ದರೆ ಅವರನ್ನು ಕೇಳಿ. ಹೊಗೆ ಕಾರುವ ಇದ್ದಿಲು ತಂದರೆ ಮಂದಿಯ ಬಿಳಿ ಅಂಗಿ ಕಪ್ಪಾಗುತ್ತದೆ, ಹಾಗಾಗಿ ಅವರು ನೋಡದೆ ತರುವುದಿಲ್ಲ. ನನ್ನ ಮೊಮ್ಮಗ ಬೆಂಗಳೂರಿನಿಂದ ಬಣ್ಣದ ಚೀಲ ತಂದಿದ್ದ. ಅಮೆರಿಕದವರು ಬಾರ್ಬೆಕ್ಯೂಗೆ ಬಳಸುವ ಮೆಸ್ಕೀಟ್ ಅಂತ ಹೆಮ್ಮೆ ಬೇರೆ. ಆಮೇಲೆ ಅವನೇ ಫೋನಿನಲ್ಲಿ ಓದಿ ಹೇಳಿದ, ನಮ್ಮ ಕೆರೆ ದಂಡೆ, ರಸ್ತೆ ಬದಿ ಎಲ್ಲಾ ತುಂಬಿರುವ ಬಳ್ಳಾರಿ ಜಾಲಿಯೂ ಅದೇ ಕುಲದ ಮರವಂತೆ! ಜಾಲಿ ಇದ್ದಿಲು ಗಟ್ಟಿ, ಕಾವು ಜೋರು. ಹತ್ತುವಾಗ ಒಂದಿಷ್ಟು ಕಿಡಿ ಹಾರುತ್ತದೆ, ಸಣ್ಣ ಮಕ್ಕಳನ್ನು ದೂರ ನಿಲ್ಲಿಸಿದರೆ ಆಯಿತು. ತೆಂಗಿನ ಪರಟಿಯ ಇದ್ದಿಲು ಸಿಕ್ಕರೆ ಅದೂ ಒಳ್ಳೆಯದೇ. ಪುಡಿಗೆ ಗಂಜಿ ಹಾಕಿ ಅಚ್ಚು ಒತ್ತಿದ ಬಿಲ್ಲೆ ಸಿಗುತ್ತದೆ, ಕಾವು ನಿಧಾನ, ಸಮ. ಆದರೆ ಅದಕ್ಕೆ ಒಮ್ಮೆ ನೀರು ತಾಗಿತೋ ಪುಡಿಯಾಗಿ ಹೋಗುತ್ತದೆ, ಆಮೇಲೆ ಎಷ್ಟು ಒಣಗಿಸಿದರೂ ಅಷ್ಟೇ.

ಈಗ ಮುಖ್ಯ ಮಾತು. ಚೀಲ ಬಂದ ಹಾಗೇ ಮೂಲೆಗೆ ಒಗೆಯಬೇಡಿ. ಅಂಗಳದಲ್ಲಿ ಹಳೆಯ ತಾಡಪತ್ರಿ ಹಾಸಿ ಪೂರ್ತಿ ಸುರುವಿ. ಚೀಲದೊಳಗೆ ಬರಿಗೈ ಹಾಕಬೇಡಿ, ಚೇಳು ಇರಬಹುದು. ಸುರುವಿದ ಮೇಲೂ ಮೊದಲು ಒಂದು ಕೋಲಿನಿಂದ ಹರಡಿ. ಆಮೇಲೆ ಕೂತು ಒಂದೊಂದನ್ನೇ ಬಾರಿಸಬೇಕು. ಹೌದು, ಒಂದೊಂದನ್ನೇ. ನಗಬೇಡಿ. ನಮ್ಮ ಅತ್ತೆಯವರು ಗದಗಿನವರು, ಗ್ಯಾಸ್ ಬರುವ ಮೊದಲು ಅವರ ಚಹಾ, ಹಾಲು, ಪಲ್ಯ ಎಲ್ಲಾ ಇದ್ದಿಲ ಶೇಗಡಿ ಮೇಲೆಯೇ. ಕಟ್ಟೆಯ ಮೇಲೆ ಕೂತು ಎರಡೂ ಕೈಯಲ್ಲಿ ಒಂದೊಂದು ತುಂಡು ಹಿಡಿದು ತಾಗಿಸುತ್ತಿದ್ದರು. ನಾನು ಮಾತಾಡಿದರೆ "ಸುಮ್ನಿರ, ಕೇಳಸವಲ್ದು" ಅನ್ನುತ್ತಿದ್ದರು. ಸರಿಯಾಗಿ ಬೆಂದ ಇದ್ದಿಲು ಟಿಣ್ ಅನ್ನುತ್ತದೆ. ಅರೆಬೆಂದದ್ದು, ತಂಡಿ ಹಿಡಿದದ್ದು ದಬ್ ಅನ್ನುತ್ತದೆ. ಅನುಮಾನ ಬಂದರೆ ಮುರಿದು ನೋಡಿ. ಒಳಗೆ ಕಪ್ಪಗೆ ಹೊಳೆದರೆ ಸರಿ. ಕಂದು ಬಣ್ಣ, ಕಟ್ಟಿಗೆಯ ನಾರು ಕಂಡರೆ ಅದು ಇನ್ನೂ ಕಟ್ಟಿಗೆಯೇ, ಹೊಗೆ ಎಬ್ಬಿಸಿ ಊಟ ಕೆಡಿಸುತ್ತದೆ. ಅದನ್ನು ಸ್ನಾನದ ನೀರಿನ ಹಂಡೆ ಒಲೆಗೆ ಹಾಕಿ.

ಬಾರಿಸುತ್ತಲೇ ಮೂರು ಗುಂಪು ಮಾಡಿ. ಮುಷ್ಟಿ ಗಾತ್ರದ್ದು ಒಂದು ಕಡೆ, ನಿಂಬೆಹಣ್ಣಿನ ಗಾತ್ರದ್ದು ಒಂದು ಕಡೆ, ಉಳಿದ ಚೂರು ಒಂದು ಕಡೆ. ಒಳ್ಳೆಯ ಬಿಸಿಲಲ್ಲಿ ಒಣಗಲಿ, ಸಂಜೆ ನೆರಳಿಗೆ ಎಳೆದು ಪೂರ್ತಿ ಆರಲು ಬಿಡಿ. ಬಿಸಿ ಇರುವಾಗಲೇ ಡ್ರಮ್ಮಿಗೆ ತುಂಬಿ ಮುಚ್ಚಿದರೆ ಮುಚ್ಚಳ ಒಳಗೆ ಬೆವರುತ್ತದೆ, ನಿಮ್ಮ ಕೆಲಸವೆಲ್ಲಾ ದಂಡ. ಬ್ಯಾಡಗಿ ಮೆಣಸಿನಕಾಯಿಗೂ ನಮ್ಮ ಸೊಸೆಯಂದಿರು ಇದನ್ನೇ ಮಾಡುತ್ತಾರೆ. ಮಾಳಿಗೆಯಿಂದ ತಂದು ಬಿಸಿಬಿಸಿ ಡಬ್ಬಿಗೆ ತುಂಬುವುದು, ಆಮೇಲೆ ಬೂಸು ಬಂತು ಅಂತ ವ್ಯಾಪಾರಿಗೆ ಬೈಯುವುದು. ಹಾಂ, ಇದ್ದಿಲು ಹಾಸಿದ ತಾಡಪತ್ರಿ ಮೇಲೆ ಮರುದಿನ ಹಪ್ಪಳ ಹಾಕಬೇಡಿ. ಹೇಳಬೇಕಾದ ಮಾತೇ ಇದು? ಆದರೆ ಮಾಡುವವರನ್ನು ನೋಡಿದ್ದೇನೆ.

ಆರಿದ ಮೇಲೆ ಪೊಟ್ಟಣ ಕಟ್ಟುವುದು. ಹಳೆಯ ಪೇಪರ್ ಎರಡು ಹಾಳೆ ಜೋಡಿಸಿ, ಮಿರಮಿರ ಮಿಂಚುವ ಬಣ್ಣದ ಹಾಳೆ ಬೇಡ. ನಡುವೆ ಒಂದು ಹಿಡಿ ತೆಂಗಿನ ನಾರು ಬಿಡಿಸಿ ಇಡಿ. ಅದರ ಮೇಲೆ ಒಂದು ಬೊಗಸೆ ಚೂರು, ಆಮೇಲೆ ನಿಂಬೆ ಗಾತ್ರದ್ದು, ಎಲ್ಲಕ್ಕಿಂತ ಮೇಲೆ ದೊಡ್ಡವು. ಗಾಳಿ ಆಡುವಷ್ಟು ಸಡಿಲ ಇರಲಿ. ನಾಲ್ಕೂ ಮೂಲೆ ಎತ್ತಿ ಸೆಣಬಿನ ದಾರದಿಂದ ಕಟ್ಟಿ. ಪ್ಲಾಸ್ಟಿಕ್ ದಾರ, ರಬ್ಬರ್ ಬ್ಯಾಂಡ್ ಹಾಕಿದರೆ ನಿಮ್ಮ ಬದನೆಕಾಯಿಗೆ ಅದರದೇ ವಾಸನೆ. ಬೇಕಾದ ದಿನ ಪೊಟ್ಟಣದ ಬಾಯಿ ಬಿಚ್ಚಿ, ಎರಡೂ ಕಡೆ ಕತ್ತರಿಸಿ ಕೆಳಗೆ ತೂತು ಹೊಡೆದ ಎಣ್ಣೆ ಡಬ್ಬಿಯನ್ನು ಶೇಗಡಿ ಜಾಲರಿ ಮೇಲೆ ನಿಲ್ಲಿಸಿ, ಪೊಟ್ಟಣವನ್ನು ಹಾಗೇ ಅದರೊಳಗೆ ಇಳಿಸಿ, ಕೆಳಗಿನ ಕಾಗದಕ್ಕೆ ಕಡ್ಡಿ ಗೀರಿ. ಸೀಮೆಎಣ್ಣೆ ಬೇಡ, ಊದುವುದೂ ಬೇಡ, ಕೈ ಕಪ್ಪಾಗುವುದಿಲ್ಲ. ಮೇಲಿನ ತುಂಡಿನ ಅಂಚು ಬೂದಿ ಬಣ್ಣಕ್ಕೆ ತಿರುಗುವವರೆಗೆ ಏನನ್ನೂ ಸುಡಲು ಇಡಬೇಡಿ, ಸುಮಾರು 20 ನಿಮಿಷ ಹಿಡಿಯುತ್ತದೆ. ಆಮೇಲೆ ಇಕ್ಕಳದಿಂದ ಡಬ್ಬಿ ಎತ್ತಿ, ಕೆಂಡ ಹರಡಿ. ಗೊಂಜಾಳ ತೆನೆ, ಬದನೆಕಾಯಿಗೆ ಒಂದು ಪೊಟ್ಟಣ ಸಾಕು. ಮೊಮ್ಮಕ್ಕಳ ಕೋಳಿಗೆ ಎರಡು ಬೇಕಾಗುತ್ತದೆ, ಅದರ ಉಸಾಬರಿ ಅವರದು.

ಪೊಟ್ಟಣಗಳು ಮುಚ್ಚಳವಿರುವ ತಗಡಿನ ಡ್ರಮ್ಮಿಗೆ ಹೋಗಬೇಕು, ಗೋಣಿಚೀಲಕ್ಕಲ್ಲ. ಮುಚ್ಚಳದ ಸುತ್ತ ಹಳೆಯ ಸೈಕಲ್ ಟ್ಯೂಬ್ ಬಿಗಿದರೆ ಮಳೆಗಾಲದ ತಂಡಿ ಒಳಗೆ ಹೋಗುವುದಿಲ್ಲ. ಕೆಳಗೆ ಇಟ್ಟಂಗಿ ಇಡಿ. ಪೆಟ್ರೋಲ್ ಗಾಡಿ, ಇನ್ವರ್ಟರ್ ಹತ್ತಿರ ಬೇಡವೇ ಬೇಡ.

ಹೊಗೆಯ ರುಚಿ ಬೇಕು ಅನ್ನುವವರಿಗೆ ಕಟ್ಟಿಗೆ ಬೇರೆ. ನಮ್ಮಲ್ಲಿ ಆಪೂಸ್ ಮಾವಿನ ತೋಟಗಳಿಗೆ ಏನು ಕೊರತೆ? ಕೊಯ್ಲು ಮುಗಿದ ಮೇಲೆ ಟೊಂಗೆ ಸವರುತ್ತಾರೆ, ಕೇಳಿ ತನ್ನಿ. ಪೇರಲ ಕಟ್ಟಿಗೆಯೂ ಆಗುತ್ತದೆ. ಆದರೆ ಅದು ಮುಂದಿನ ಬೇಸಿಗೆಗೆ, ಹಸಿಯದನ್ನು ಹಾಕಿದರೆ ಬರೀ ಬಿಳಿ ದಟ್ಟ ಹೊಗೆ, ಬಾಯಿಗಿಟ್ಟರೆ ಕಹಿ. ನೀರಲ್ಲಿ ನೆನೆಸಿ ಹಾಕಿ ಅಂತ ವಿಡಿಯೋದಲ್ಲಿ ಹೇಳುತ್ತಾರಂತೆ. ನೀರು ಆರುವ ತನಕ ಆವಿ ಬರುತ್ತದೆ, ಅಷ್ಟೇ. ಒಣ ತುಂಡು ಒಂದೆರಡು ಸಾಕು, ಹೊಗೆ ತೆಳ್ಳಗಿರಬೇಕು. ಪ್ಲೈವುಡ್, ಬಣ್ಣ ಬಳಿದ ಬಾಗಿಲ ಚೂರು ಹಾಕುವುದು ವಿಷ ತಿಂದ ಹಾಗೆ.

ಮಳೆ ಬಂತು ಅಂತ ಉರಿಯುವ ಶೇಗಡಿಯನ್ನು ಒಳಗೆ ತರುವವರಿದ್ದಾರೆ. ಹೊಗೆ ಕಾಣುತ್ತಿಲ್ಲವಲ್ಲ ಅನ್ನುತ್ತಾರೆ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಕಣ್ಣಿಗೂ ಕಾಣುವುದಿಲ್ಲ, ಮೂಗಿಗೂ ಗೊತ್ತಾಗುವುದಿಲ್ಲ, ಮಲಗಿದವರು ಏಳುವುದೇ ಇಲ್ಲ. ಪಡಸಾಲೆಯಲ್ಲೂ ಬೇಡ, ಗ್ಯಾರೇಜಿನಲ್ಲೂ ಬೇಡ, ಚಳಿಗೆ ಕಾಯಿಸಿಕೊಳ್ಳಲಿಕ್ಕೂ ಬೇಡ.

ಕೆಲಸ ಮುಗಿದ ಮೇಲೆ ಕೆಂಡಕ್ಕೆ ನೀರು ಸುರಿಯಬೇಡಿ. ಬೂದಿ ಮುಖಕ್ಕೆ ಹಾರುತ್ತದೆ, ಇದ್ದಿಲೂ ಹಾಳು. ಗಾಳಿ ಹೋಗದ ಹಾಗೆ ಮುಚ್ಚಿಬಿಡಿ, ತಾನೇ ಆರುತ್ತದೆ. ಉಳಿದ ಇದ್ದಿಲನ್ನು ಡ್ರಮ್ಮಿಗೆ ವಾಪಸ್ ಹಾಕಬೇಡಿ. ಬೂದಿಯೊಳಗೆ ಕೆಂಡ ಮರುದಿನದವರೆಗೂ ಜೀವ ಹಿಡಿದಿರುತ್ತದೆ. ಬೇರೆ ತಗಡಿನ ಡಬ್ಬಿಯಲ್ಲಿ, ಮುಚ್ಚಳ ಹಾಕಿ, ಅಂಗಳದಲ್ಲೇ ಎರಡು ದಿನ ಇರಲಿ. ಮುಂದಿನ ಸಲ ಹೊಸ ಪೊಟ್ಟಣದ ಮೇಲೆ ಇದನ್ನು ಸುರುವಿ, ಹೊಸದಕ್ಕಿಂತ ಇದೇ ಬೇಗ ಹತ್ತುತ್ತದೆ. ಬೂದಿ ಪೂರ್ತಿ ತಣ್ಣಗಾಗದೆ ಕಸದ ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಬೇಡಿ. ತಣ್ಣಗಾದದ್ದನ್ನು ಜರಡಿ ಹಿಡಿದು ಹುಣಸೆಹಣ್ಣಿನ ಜೊತೆ ತಾಮ್ರದ ಕೊಡಕ್ಕೆ ತಿಕ್ಕಿ.