ಬೀದಿಯ ಚರಂಡಿ ಕೆಲಸಕ್ಕೆ ಪಾಲಿಕೆಯಲ್ಲಿ ಯಾರ ಬಳಿ ಹೋಗಬೇಕು?

ಚರಂಡಿ ಕಟ್ಟಿಕೊಂಡಿತು ಅಂದರೆ 'ಮೇಯರ್ ಹತ್ರಾನೇ ಹೋಗೋಣ' ಅನ್ನುತ್ತೇವೆ, ಅಲ್ವಾ? ಆದರೆ ಪಾಲಿಕೆಯಲ್ಲಿ ತೀರ್ಮಾನ ಮಾಡುವವರು ಬೇರೆ, ಕೆಲಸ ಮಾಡಿಸುವವರು ಬೇರೆ.

ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯನ್ನೇ ನೋಡಿ. 2021ರ ಚುನಾವಣೆಯಲ್ಲಿ ಎರಡೂ ಊರು ಸೇರಿ 82 ವಾರ್ಡ್ ಇದ್ದವು. ವಾರ್ಡಿಗೊಬ್ಬರು ಕಾರ್ಪೊರೇಟರ್. ಅವರೆಲ್ಲ ಕೂರುವುದು ಸಾಮಾನ್ಯ ಸಭೆಯಲ್ಲಿ, ಅದನ್ನು ನಡೆಸುವವರು ಮೇಯರ್. ಆದರೆ ಎಂಜಿನಿಯರ್, ಆರೋಗ್ಯ ನಿರೀಕ್ಷಕರು, ಕಂದಾಯ ಸಿಬ್ಬಂದಿ ಎಲ್ಲ ಆಯುಕ್ತರ ಕೈಕೆಳಗೆ. ಆಯುಕ್ತರನ್ನು ನೇಮಿಸುವುದು ರಾಜ್ಯ ಸರ್ಕಾರ.

ಮೊದಲು ಆಸ್ತಿ ತೆರಿಗೆ ರಸೀದಿ ತೆಗೆದು ನಿಮ್ಮ ವಾರ್ಡ್ ಸಂಖ್ಯೆ ನೋಡಿಕೊಳ್ಳಿ. ಆಮೇಲೆ ಕೆಲಸ ಯಾವ ಬಗೆಯದು ಅಂತ ಯೋಚಿಸಿ. ಹೂಳು ತೆಗೆಯಬೇಕು, ಬೀದಿದೀಪ ಹತ್ತಬೇಕು ಅಂದರೆ ನಿಮ್ಮ ಭಾಗದ ಪಾಲಿಕೆ ವಲಯ ಕಚೇರಿ ಸಾಕು. ಹೊಸ ಚರಂಡಿಯೇ ಬೇಕು ಅಂದರೆ ದುಡ್ಡು ಮಂಜೂರಾಗಬೇಕು. ಅದಕ್ಕೆ ಕಾರ್ಪೊರೇಟರನ್ನು ಹಿಡಿಯಬೇಕು.

ಬಾಯಿಮಾತು ಬೇಡ. ಹಿಂದೆ ನಾನಿದ್ದ ಊರಿನಲ್ಲಿ ಚರಂಡಿಯ ಮೇಲಿನ ಕಲ್ಲುಚಪ್ಪಡಿ ಮುರಿದಿತ್ತು. ನಾಲ್ಕು ಸಲ ಹೋಗಿ ಹೇಳಿ ಬಂದೆವು. ಐದನೇ ಸಲ ಹೋದಾಗ ಅಲ್ಲಿನ ಗುಮಾಸ್ತರು ಕೇಳಿದ್ದು ಒಂದೇ ಮಾತು: 'ಅರ್ಜಿ ಎಲ್ಲಿ?' ಹಾಗಾಗಿ ಎರಡು ಪ್ರತಿ ಬರೆಯಿರಿ. ಅಡ್ಡರಸ್ತೆ, ಹತ್ತಿರದ ಗುರುತು, ಎಷ್ಟು ಮನೆಗೆ ತೊಂದರೆ ಅನ್ನುವುದು ಇರಲಿ. ಅಕ್ಕಪಕ್ಕದವರ ಸಹಿ ಹಾಕಿಸಿ. ಕಚೇರಿಯ ಟಪಾಲು ವಿಭಾಗದಲ್ಲಿ ಕೈಯಾರೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ತಾರೀಖಿನ ಮುದ್ರೆ ಒತ್ತಿಸಿಕೊಳ್ಳದೆ ಬರಬೇಡಿ. ಇನ್ನೊಂದು ಜೆರಾಕ್ಸ್ ಕಾರ್ಪೊರೇಟರ್ ಕೈಗೆ ಕೊಡಿ.

ಮುಂದೆ ಎಂಜಿನಿಯರ್ ಅಂದಾಜುಪಟ್ಟಿ ಮಾಡುತ್ತಾರೆ. ಮೊತ್ತ ದೊಡ್ಡದಾದರೆ ಅದು ಸ್ಥಾಯಿ ಸಮಿತಿಗೋ (ಒಂದೊಂದು ವಿಷಯ ನೋಡಿಕೊಳ್ಳುವ ಕಾರ್ಪೊರೇಟರ್‌ಗಳ ಸಣ್ಣ ಗುಂಪು) ಸಾಮಾನ್ಯ ಸಭೆಗೋ ಹೋಗುತ್ತದೆ. 1976ರ ಪಾಲಿಕೆ ಕಾಯ್ದೆಯಂತೆ ಸ್ಥಾಯಿ ಸಮಿತಿಗಳು ನಾಲ್ಕು: ತೆರಿಗೆ-ಹಣಕಾಸು, ಆರೋಗ್ಯ-ಶಿಕ್ಷಣ, ನಗರ ಯೋಜನೆ, ಲೆಕ್ಕಪತ್ರ. ಹಣಕಾಸು ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ. ಬಜೆಟ್ ತಯಾರಿ ಅದಕ್ಕೂ ಮೊದಲೇ ನಡೆಯುತ್ತದೆ. ಅದಕ್ಕೇ ಅರ್ಜಿ ಡಿಸೆಂಬರ್ ಒಳಗೆ ಹೋದರೆ ಒಳ್ಳೆಯದು. ಮಳೆಗಾಲದಲ್ಲಿ ನೀರು ಮನೆಗೆ ನುಗ್ಗಿದ ಮೇಲೆ ಓಡಿದರೆ ಆ ವರ್ಷದ ದುಡ್ಡು ಆಗಲೇ ಹಂಚಿಹೋಗಿರುತ್ತದೆ.

ಕೆಲವೊಮ್ಮೆ ಊರಿನಲ್ಲಿ ಕಾರ್ಪೊರೇಟರೇ ಇರುವುದಿಲ್ಲ. ಮೈಸೂರಿನಲ್ಲಿ 2023ರ ನವೆಂಬರ್‌ನಲ್ಲಿ ಸದಸ್ಯರ ಅವಧಿ ಮುಗಿದ ಮೇಲೆ ಹೀಗೇ ಆಯಿತು. ಅವರ ಜಾಗಕ್ಕೆ ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಬಂದರು. ಅಂಥ ಕಡೆ ಅರ್ಜಿಯನ್ನು ನೇರ ಆಡಳಿತಾಧಿಕಾರಿಗೇ ಬರೆಯಿರಿ. ಐದು ವರ್ಷ ತುಂಬುವ ಮೊದಲೇ ಚುನಾವಣೆ ಮುಗಿಯಬೇಕು ಎಂದು ಸಂವಿಧಾನದ 74ನೇ ತಿದ್ದುಪಡಿ ಹೇಳುತ್ತದೆ. ಅರ್ಜಿಯ ಕೊನೆಗೆ ಆ ಸಾಲನ್ನೂ ಸೇರಿಸಿ.