ಕೃಷಿ ಹೊಂಡಕ್ಕೆ ಬೇಲಿ: ಮಕ್ಕಳ ಸುರಕ್ಷತೆಯ ಬೇಡಿಕೆಯನ್ನು ಸರ್ಕಾರಿ ಆದೇಶವಾಗಿಸುವ ದಾರಿ

ಬೇಸಿಗೆ ರಜೆಯಲ್ಲಿ, ದಸರಾ ರಜೆಯಲ್ಲಿ ಕೃಷಿ ಹೊಂಡಕ್ಕೆ ಬಿದ್ದು ಮಕ್ಕಳು ಸತ್ತ ಸುದ್ದಿ ಪತ್ರಿಕೆಯ ಒಳಪುಟಗಳಲ್ಲಿ ಬರುತ್ತಲೇ ಇರುತ್ತದೆ. ಎಷ್ಟೋ ಸಲ ಒಂದೇ ಮನೆಯ ಇಬ್ಬರು: ಜಾರಿದ ತಮ್ಮನನ್ನು ಎಳೆಯಲು ಹೋದ ಅಕ್ಕನೂ ಮೇಲೆ ಬರುವುದಿಲ್ಲ. ಕಾರಣ ಹೊಂಡದ ರಚನೆಯಲ್ಲೇ ಇದೆ. ಮೂರು ಮೀಟರ್ ಆಳ, ನಾಲ್ಕೂ ಕಡೆ ಇಳಿಜಾರು, ಅದರ ಮೇಲೆ ಪಾಲಿಥಿನ್ ಹೊದಿಕೆ. ಪಾಚಿ ಕಟ್ಟಿದ ಆ ಹಾಳೆಯ ಮೇಲೆ ಕಾಲು ನಿಲ್ಲದು, ಕೈಗೆ ಹಿಡಿಯಲು ಏನೂ ಸಿಗದು. ಈಜು ಬಲ್ಲ ದೊಡ್ಡವರೇ ದಡ ಹತ್ತಲಾರದೆ ಸೋಲುತ್ತಾರೆ.

ಇಂಥ ಹೊಂಡಗಳು ಹಳ್ಳಿ ಹಳ್ಳಿಗೂ ಹಬ್ಬಿದ್ದು 2014-15ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದ, ಜೊತೆಗೆ ಉದ್ಯೋಗ ಖಾತರಿಯಿಂದ. ಅಂದರೆ ಸರ್ಕಾರದ ಸಹಾಯಧನದಿಂದ. ಸಹಾಯಧನ ಕೊಡುವ ಇಲಾಖೆ ಷರತ್ತನ್ನೂ ಹಾಕಬಲ್ಲದು. ಆ ಷರತ್ತನ್ನು ಹಾಕಿಸುವುದು ಹೇಗೆ ಎಂಬುದನ್ನು ಇಲ್ಲಿ ಹೇಳುತ್ತೇವೆ. ಅಂಗನವಾಡಿಯ ಶೌಚಾಲಯವಿರಲಿ, ಶಾಲಾ ವಾಹನವಿರಲಿ, ಮಕ್ಕಳ ಸುರಕ್ಷತೆಯ ಬೇರೆ ಬೇಡಿಕೆಗಳಿಗೂ ದಾರಿ ಹೆಚ್ಚುಕಡಿಮೆ ಇದೇ.

ಮೊದಲು ಕಾಗದ ಯಾವುದೆಂದು ಗುರುತಿಸಿ

‘ಸರ್ಕಾರ ಕ್ರಮ ಕೈಗೊಳ್ಳಬೇಕು’ ಎಂದು ಮುಗಿಯುವ ಮನವಿ ಯಾರ ಮೇಜಿನ ಮೇಲೂ ನಿಲ್ಲುವುದಿಲ್ಲ. ಒಂದು ಇಲಾಖೆಯಿಂದ ಇನ್ನೊಂದಕ್ಕೆ ‘ಸೂಕ್ತ ಕ್ರಮಕ್ಕಾಗಿ’ ಎಂಬ ಷರಾದೊಂದಿಗೆ ಸುತ್ತುತ್ತದೆ. ಬದಲಾಗಬೇಕಾದದ್ದು ಕಾಯ್ದೆಯೋ, ನಿಯಮವೋ, ಯೋಜನೆಯ ಮಾರ್ಗಸೂಚಿಯೋ, ಸುತ್ತೋಲೆಯೋ, ಬಜೆಟ್‌ನ ಲೆಕ್ಕ ಶೀರ್ಷಿಕೆಯೋ (ಹಣ ಯಾವ ಬಾಬ್ತಿನಿಂದ ಬರುತ್ತದೆ ಎಂಬುದು) ಎಂದು ಮೊದಲೇ ತೀರ್ಮಾನಿಸಿ. ಕಾಯ್ದೆಯಾದರೆ ಸದನಕ್ಕೆ ಹೋಗಬೇಕು, ವರ್ಷಗಳು ಬೇಕು. ಮಾರ್ಗಸೂಚಿಗೆ ಇಲಾಖೆಯ ಕಡತ ಸಾಕು.

ಹೊಂಡದ ವಿಷಯದಲ್ಲಿ ಹೊಸ ಕಾಯ್ದೆ ಬೇಕಿಲ್ಲ. 2023-24ರಲ್ಲಿ ಮತ್ತೆ ಜಾರಿಗೆ ಬಂದ ಕೃಷಿ ಭಾಗ್ಯದ ಘಟಕಗಳಲ್ಲಿ ತಂತಿ ಬೇಲಿಯೂ ಸೇರಿದೆ. ಉಳಿದಿರುವುದು ಮೊದಲಿನ ವರ್ಷಗಳಲ್ಲಿ ತೋಡಿ, ಬೇಲಿಯಿಲ್ಲದೆ ಬಿಟ್ಟ ಹೊಂಡಗಳು. ಆದ್ದರಿಂದ ಬೇಡಿಕೆಗಳು ಎರಡೇ: ಬೇಲಿ ಹಾಕಿದ ಚಿತ್ರ ಬಂದ ಮೇಲೆಯೇ ಹೊಸ ಹೊಂಡದ ಕೊನೆಯ ಕಂತು ಬಿಡುಗಡೆಯಾಗಬೇಕು, ಹಳೆಯ ಹೊಂಡಗಳಿಗೆ ಬೇಲಿಗೆಂದೇ ಪ್ರತ್ಯೇಕ ಅನುದಾನ ಬೇಕು. ಕೃಷಿ ಇಲಾಖೆಗೊಂದು, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೊಂದು ಪತ್ರ ಬರೆಯಿರಿ. ಒಂದೇ ಪತ್ರವನ್ನು ಇಬ್ಬರಿಗೂ ಕಳಿಸಿದರೆ ಪ್ರತಿಯೊಬ್ಬರೂ ಅದು ಇನ್ನೊಬ್ಬರ ಕೆಲಸ ಅನ್ನುತ್ತಾರೆ.

ರೈತರ ಮೇಲೆ ಕೇಸು ಹಾಕಿಸಬೇಕೆಂಬ ಬೇಡಿಕೆಯನ್ನು ನಾವು ಒಪ್ಪುವುದಿಲ್ಲ. ಸಾಯುವುದು ಎಷ್ಟೋ ಸಲ ಆ ರೈತನದೇ ಮಗು. ಮಗುವನ್ನು ಕಳೆದುಕೊಂಡವನ ಮೇಲೆ ದಂಡ ಹೇರಿದರೆ ಮುಂದಿನ ಸಾವುಗಳು ದಾಖಲೆಗೇ ಬರುವುದಿಲ್ಲ.

ಅಳತೆ ಇಲ್ಲದ ಆದೇಶ ಮಗುವನ್ನು ಕಾಯುವುದಿಲ್ಲ

ತೆರೆದ ಕೊಳವೆಬಾವಿಗಳ ಬಗ್ಗೆ ಸುಪ್ರೀಂ ಕೋರ್ಟ್ 2010ರ ಫೆಬ್ರುವರಿಯಲ್ಲಿ ಕೊಟ್ಟ ನಿರ್ದೇಶನಗಳನ್ನು ಒಮ್ಮೆ ಓದಿ. ಕೊರೆಯುವ 15 ದಿನ ಮೊದಲು ಅಧಿಕಾರಿಗಳಿಗೆ ಲಿಖಿತ ಮಾಹಿತಿ ಕೊಡಬೇಕು; ಕೇಸಿಂಗ್ ಸುತ್ತ 0.50 × 0.50 × 0.60 ಮೀಟರ್ ಸಿಮೆಂಟ್ ಕಟ್ಟೆ ಇರಬೇಕು, ಅದರಲ್ಲಿ 0.30 ನೆಲದ ಮೇಲೆ, 0.30 ಒಳಗೆ. ಟೇಪು ಹಿಡಿದು ಹೋದ ಯಾರೇ ಆಗಲಿ ಪಾಲನೆಯಾಗಿದೆಯೋ ಇಲ್ಲವೋ ಹೇಳಬಹುದು. ನಿಮ್ಮ ಕರಡೂ ಹಾಗೇ ಇರಲಿ.

12 × 12 ಮೀಟರ್ ಹೊಂಡವನ್ನೇ ತೆಗೆದುಕೊಳ್ಳಿ. ಅಂಚಿನಿಂದ ಒಂದೂವರೆ ಮೀಟರ್ ಬಿಟ್ಟು ಬೇಲಿ ಹಾಕಿದರೆ ಸುತ್ತಳತೆ 60 ಮೀಟರ್. ಮೂರು ಮೀಟರಿಗೊಂದು ಕಂಬ ಎಂದರೆ 20 ಕಂಬ. ಐದು ಎಳೆ ಮುಳ್ಳುತಂತಿಗೆ 300 ಮೀಟರ್. ಆದರೆ ಮುಳ್ಳುತಂತಿ ದನವನ್ನು ತಡೆಯುತ್ತದೆ, ನಾಲ್ಕು ವರ್ಷದ ಮಗುವನ್ನು ತಡೆಯುವುದಿಲ್ಲ. ಕೆಳಗಿನ ಎರಡು ಎಳೆಗಳ ನಡುವೆ ಅದು ತೂರಿ ಹೋಗುತ್ತದೆ. ನೆಲದಿಂದ ಎರಡಡಿವರೆಗೆ ಜಾಲರಿ ಇರಬೇಕೆಂದು ಬರೆಯಿರಿ. ಗೇಟಿನ ಚಿಲಕ ಮೇಲುಗಡೆ, ಮಗುವಿನ ಕೈಗೆ ಎಟುಕದಂತೆ. ಬೇಲಿ ದಾಟಿ ಬಿದ್ದವರಿಗಾಗಿ ನಾಲ್ಕೂ ಬದಿಯ ಕಂಬಗಳಿಂದ, ಅಡಿಗೊಂದು ಗಂಟು ಹಾಕಿದ ಏಳು ಮೀಟರ್ ನೈಲಾನ್ ಹಗ್ಗ ನೀರಿಗೆ ಇಳಿಬಿಟ್ಟಿರಬೇಕು. ಹಗ್ಗದ ಖರ್ಚು ಅತಿ ಕಡಿಮೆ, ಉಪಯೋಗ ದೊಡ್ಡದು. ಆದರೂ ಅಂದಾಜುಪಟ್ಟಿಗಳಲ್ಲಿ ಮೊದಲು ಬಿಟ್ಟುಹೋಗುವುದು ಅದೇ.

ಈ ಲೆಕ್ಕಕ್ಕೆ ಸರ್ಕಾರದ ಎಸ್‌ಆರ್ ದರ (ಸರ್ಕಾರಿ ಕಾಮಗಾರಿಗಳ ಅಧಿಕೃತ ದರಪಟ್ಟಿಯಲ್ಲಿರುವುದು) ಹಚ್ಚಿ ಒಂದು ಹೊಂಡದ ವೆಚ್ಚ ತೆಗೆಯಿರಿ. ತಾಲ್ಲೂಕಿನ ಹೊಂಡಗಳ ಸಂಖ್ಯೆಯಿಂದ ಗುಣಿಸಿದರೆ ಬಜೆಟ್‌ನಲ್ಲಿ ಕೇಳಬೇಕಾದ ಮೊತ್ತ ಸಿಗುತ್ತದೆ. ಹೊಂಡಗಳ ಪಟ್ಟಿ ರೈತ ಸಂಪರ್ಕ ಕೇಂದ್ರದಲ್ಲೂ ಪಂಚಾಯಿತಿಯಲ್ಲೂ ಇರುತ್ತದೆ.

ಸಾವುಗಳ ಲೆಕ್ಕ ತೆಗೆಯುವುದು

ಮುಳುಗಿ ಸತ್ತವರ ಪ್ರಕರಣ ಠಾಣೆಯಲ್ಲಿ ಯುಡಿಆರ್ (ಅಸಹಜ ಸಾವಿನ ವರದಿ) ಆಗಿ ದಾಖಲಾಗುತ್ತದೆ. ಜಿಲ್ಲಾ ಪೊಲೀಸ್ ಕಚೇರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ: ಐದು ವರ್ಷದಲ್ಲಿ ನೀರಿನಲ್ಲಿ ಮುಳುಗಿ ಸತ್ತ 18 ವರ್ಷದೊಳಗಿನವರ ಯುಡಿಆರ್ ಸಂಖ್ಯೆ, ದಿನಾಂಕ, ವಯಸ್ಸು, ಲಿಂಗ, ಸ್ಥಳ ಕೆರೆಯೋ ಹೊಂಡವೋ ಬಾವಿಯೋ. ಹೆಸರು ಕೇಳಬೇಡಿ, ಕೇಳಿದರೆ ವೈಯಕ್ತಿಕ ಮಾಹಿತಿ ಎಂದು ಇಡೀ ಅರ್ಜಿಯನ್ನೇ ತಳ್ಳಿಹಾಕಬಹುದು, ನಿಮಗದು ಬೇಕಾಗಿಯೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನ. ‘ಬೇಲಿ ಯಾಕೆ ಹಾಕಿಲ್ಲ’ ಎಂದು ಕೇಳಿದ ಅರ್ಜಿಗಳು ಬಿದ್ದುಹೋಗುತ್ತವೆ, ಏಕೆಂದರೆ ಕಾಯ್ದೆ ಕೊಡಿಸುವುದು ಕಡತದಲ್ಲಿರುವುದನ್ನೇ ಹೊರತು ವಿವರಣೆಯನ್ನಲ್ಲ. ‘ಆ ರೂಪದಲ್ಲಿ ಮಾಹಿತಿ ಲಭ್ಯವಿಲ್ಲ’ ಎಂದು ಬಂದರೆ ಠಾಣೆವಾರು ರಿಜಿಸ್ಟರ್ ಪರಿಶೀಲನೆಗೆ ಅವಕಾಶ ಕೇಳಿ.

ಸತ್ತ ಮಗುವಿನ ಫೋಟೊ, ಅಳುವ ತಾಯಿಯ ವಿಡಿಯೊ ಮನವಿಗೆ ಲಗತ್ತಿಸಲೇಬೇಡಿ. ಪಟ್ಟಿಯಲ್ಲಿ ವಯಸ್ಸು, ಊರಿನ ಹೋಬಳಿ, ಹೊಂಡದ ಅಳತೆ, ಬೇಲಿ ಇತ್ತೋ ಇಲ್ಲವೋ, ಇಷ್ಟಿದ್ದರೆ ಸಾಕು.

ಪಂಚಾಯಿತಿಯಿಂದ ಸದನದವರೆಗೆ

ಮಕ್ಕಳ ಗ್ರಾಮಸಭೆ ನಡೆಸಬೇಕೆಂದು 2006ರಲ್ಲೇ ರಾಜ್ಯದಲ್ಲಿ ಸುತ್ತೋಲೆ ಬಂದಿದೆ. ಸಾಮಾನ್ಯವಾಗಿ ನವೆಂಬರ್ 14ರ ನಂತರದ ವಾರಗಳಲ್ಲಿ ನಡೆಯುತ್ತದೆ. ಯಾವ ಹೊಂಡ ಶಾಲೆಯ ದಾರಿಯಲ್ಲಿದೆ, ಯಾವುದರಲ್ಲಿ ಈಜಲು ಹೋಗುತ್ತಾರೆ ಎಂಬುದು ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಅವರೇ ನಕ್ಷೆ ಬರೆಯಲಿ, ಅವರೇ ಮಾತಾಡಲಿ. ದೊಡ್ಡವರು ಬರೆದುಕೊಟ್ಟ ಭಾಷಣ ಓದಿಸಿದರೆ ಸಭೆ ಅರ್ಧ ಗಂಟೆಯಲ್ಲಿ ಚಪ್ಪಾಳೆಯೊಂದಿಗೆ ಮುಗಿಯುತ್ತದೆ. ವಿಷಯ ನಡಾವಳಿಯಲ್ಲಿ ದಾಖಲಾಯಿತೇ ನೋಡಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಂದ ದೃಢೀಕೃತ ಪ್ರತಿ ಪಡೆಯಿರಿ. ಹತ್ತು ಪಂಚಾಯಿತಿಗಳ ನಡಾವಳಿಗಳು ಒಟ್ಟಿಗಿದ್ದರೆ ಮನವಿಯ ತೂಕವೇ ಬೇರೆ.

ಅದೇ ಕಟ್ಟನ್ನು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಕೊಡಿ. ಆಯೋಗ ವಿಚಾರಣೆ ನಡೆಸಬಹುದು, ಅಧಿಕಾರಿಗಳನ್ನು ಕರೆಸಬಹುದು, ಶಿಫಾರಸು ಮಾಡಬಹುದು. ಬೇಲಿ ಹಾಕಿ ಎಂದು ಆಜ್ಞಾಪಿಸುವ ಅಧಿಕಾರ ಅದಕ್ಕಿಲ್ಲ. ಆದರೆ ಅದರ ನೋಟಿಸಿಗೆ ಇಲಾಖೆ ಬರೆದುಕೊಡುವ ಉತ್ತರ ನಿಮ್ಮ ಮುಂದಿನ ಹೆಜ್ಜೆಗೆ ದಾಖಲೆಯಾಗುತ್ತದೆ.

ಶಾಸಕರ ಬಳಿ ಹೋಗುವಾಗ ಹಾರ ಬೇಡ, ಟೈಪ್ ಮಾಡಿದ ಪ್ರಶ್ನೆ ಒಯ್ಯಿರಿ. ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಹೋಗಿ; ಪ್ರಶ್ನೆಗೆ ಮುಂಚಿತ ನೋಟಿಸ್ ಬೇಕು, ಸದನ ಶುರುವಾದ ಮೇಲೆ ಕೊಟ್ಟದ್ದು ವ್ಯರ್ಥ. ಹೀಗೆ ಬರೆಯಬಹುದು:

‘ಮಾನ್ಯ ಕೃಷಿ ಸಚಿವರು ತಿಳಿಸುವರೇ: (ಅ) 2014-15ರಿಂದ ಈವರೆಗೆ ತಾಲ್ಲೂಕಿನಲ್ಲಿ ಸಹಾಯಧನ ಪಡೆದು ನಿರ್ಮಿಸಿರುವ ಕೃಷಿ ಹೊಂಡಗಳೆಷ್ಟು; (ಆ) ಈ ಪೈಕಿ ತಂತಿ ಬೇಲಿ ಇಲ್ಲದವು ಎಷ್ಟು; (ಇ) ಅವುಗಳಿಗೆ ಬೇಲಿ ಹಾಕಿಸಲು ಕೈಗೊಂಡ ಕ್ರಮಗಳೇನು, ಎಷ್ಟು ಅವಧಿಯೊಳಗೆ?’

ಚುಕ್ಕೆ ಗುರುತಿನ ಪ್ರಶ್ನೆಗೆ ಸದನದಲ್ಲಿ ಬಾಯಿಮಾತಿನ ಉತ್ತರ, ಉಪಪ್ರಶ್ನೆಗೂ ಅವಕಾಶ. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ. ಅಂಕಿಅಂಶ ಬೇಕಿದ್ದರೆ ಎರಡನೆಯದೇ ಸಾಕು. ಆಡಳಿತ ಪಕ್ಷದ ಒಬ್ಬರು, ವಿರೋಧ ಪಕ್ಷದ ಒಬ್ಬರು, ಪರಿಷತ್ತಿನ ಒಬ್ಬರು, ಮೂವರನ್ನೂ ಕಾಣಿರಿ. ಒಬ್ಬರನ್ನೇ ನಂಬಿದರೆ ವಿಷಯಕ್ಕೆ ಪಕ್ಷದ ಬಣ್ಣ ಹತ್ತುತ್ತದೆ.

ಹಣದ ಕೇಳಿಕೆ ಡಿಸೆಂಬರ್ ಮುಗಿಯುವುದರೊಳಗೆ ಇಲಾಖೆ ತಲುಪಬೇಕು. ಬಜೆಟ್ ಸಾಮಾನ್ಯವಾಗಿ ಫೆಬ್ರುವರಿ ಅಥವಾ ಮಾರ್ಚ್‌ನಲ್ಲಿ ಬರುತ್ತದೆ. ಜನವರಿ ಕೊನೆಗೆ ಕೊಟ್ಟ ಮನವಿ ಮುಂದಿನ ವರ್ಷದ್ದೇ. 2020-21ರಿಂದ ಬಜೆಟ್ ಜೊತೆ ಮಕ್ಕಳ ಆಯವ್ಯಯವೂ (ಮಕ್ಕಳಿಗಾಗಿ ಇಟ್ಟ ಹಣದ ಪ್ರತ್ಯೇಕ ಪಟ್ಟಿ) ಪ್ರಕಟವಾಗುತ್ತಿದೆ. ಬೇಲಿಯ ಮೊತ್ತ ಅದರಲ್ಲೂ ಕಾಣಬೇಕೆಂದು ಕೇಳಿ, ಆಗ ವರ್ಷದಿಂದ ವರ್ಷಕ್ಕೆ ಹೋಲಿಸಬಹುದು. ಜೊತೆಗೆ ಕೂಸಿನ ಮನೆಯನ್ನೂ, ಅಂದರೆ ಕೂಲಿಗೆ ಹೋಗುವ ತಾಯಂದಿರ ಚಿಕ್ಕ ಮಕ್ಕಳನ್ನು ಹಗಲು ನೋಡಿಕೊಳ್ಳುವ ಕೇಂದ್ರವನ್ನೂ ಕೇಳಿ. 2023ರ ಬಜೆಟ್‌ನಲ್ಲಿ 4,000 ಪಂಚಾಯಿತಿಗಳಿಗೆಂದು ಘೋಷಿಸಿದ ಯೋಜನೆ ಅದು. ಅಮ್ಮ ಕೂಲಿಗೆ ಹೋದಾಗ ನೋಡಿಕೊಳ್ಳುವವರಿಲ್ಲದ ಚಿಕ್ಕ ಮಗುವೇ ಹೊಂಡದ ಕಡೆ ತೆವಳುವುದು.

ಆದೇಶ ಬಂದ ಮೇಲೆ

ಆದೇಶ ಬಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎಂಬುದಕ್ಕೆ ಒಂದು ಉದಾಹರಣೆ ನೋಡಿ. ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು ಎಂದು ಕರ್ನಾಟಕ ತನ್ನ ತಿದ್ದುಪಡಿಯಲ್ಲಿ ಬರೆದುಕೊಂಡದ್ದು ದೇಶಕ್ಕೇ ಮಾದರಿಯಾಯಿತು. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮೆಚ್ಚಿ ಬರೆಯಿತು. ಆದರೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ರಾಜ್ಯದಲ್ಲಿ 18ಕ್ಕೆ ಮೊದಲೇ ಮದುವೆಯಾದ 20–24 ವಯಸ್ಸಿನ ಮಹಿಳೆಯರ ಪ್ರಮಾಣ ನಾಲ್ಕನೇ ಸುತ್ತಿನಲ್ಲಿ ಶೇ 21.4 ಇದ್ದದ್ದು ಐದನೆಯದರಲ್ಲಿ ಶೇ 21.3. ಅವರಲ್ಲಿ ಎಷ್ಟೋ ಮಂದಿಯ ಮದುವೆ ತಿದ್ದುಪಡಿಗೆ ಮೊದಲೇ ಆಗಿತ್ತು ಎಂಬುದು ನಿಜ. ಆದರೆ ತಡೆಯಬೇಕಾದ ಅಧಿಕಾರಿ ಹಳ್ಳಿಗೆ ಬಂದರೆ ಮಾತ್ರ ಕಾಗದಕ್ಕೆ ಜೀವ ಬರುವುದು ಎಂಬುದೂ ನಿಜ.

ಹೊಂಡದ ಆದೇಶದಲ್ಲಿ ಮೂರು ಸಾಲು ಇವೆಯೇ ಹುಡುಕಿ: ತಪಾಸಣೆ ಯಾರದ್ದು, ಎಷ್ಟು ತಿಂಗಳಿಗೊಮ್ಮೆ, ಹಣ ಯಾವ ಲೆಕ್ಕ ಶೀರ್ಷಿಕೆಯಿಂದ. ಒಂದು ಇಲ್ಲದಿದ್ದರೂ ತಿದ್ದುಪಡಿ ಕೋರಿ ಆ ವಾರವೇ ಪತ್ರ ಕೊಡಿ, ಟಪಾಲು ವಿಭಾಗದ ಮೊಹರು ಹಾಕಿದ ಪ್ರತಿ ಇಟ್ಟುಕೊಳ್ಳಿ. ಮಳೆಗಾಲ ಮುಗಿದ ಮೇಲೆ ಒಂದು ಸುತ್ತು ಹಾಕಿ: ಕಂಬ ವಾಲಿದೆಯೇ, ಜಾಲರಿಯ ಕೆಳಗೆ ಮಣ್ಣು ಕೊಚ್ಚಿಹೋಗಿ ಸಂದಾಗಿದೆಯೇ, ಪಂಪಿನ ಪೈಪು ಹಾಯಿಸಲು ತಂತಿ ಕತ್ತರಿಸಿದ್ದಾರೆಯೇ, ಬಿಸಿಲಿಗೆ ಹಗ್ಗ ಲಡ್ಡಾಗಿದೆಯೇ. ನೈಲಾನ್ ಹಗ್ಗವನ್ನು ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು. ನಿರ್ವಹಣೆಯ ಈ ಖರ್ಚನ್ನು ಮೊದಲ ಅಂದಾಜುಪಟ್ಟಿಯಲ್ಲೇ ಸೇರಿಸಿರಿ.